ಹೆಚ್ಚು ತಡೆದ ನೆಲ

“ಅಜ್ಜಾರ, ಅಳದೇ ಇರೋರು ಗಟ್ಟಿ ಇದ್ದಂಗ ಅಲ್ಲೇನ್ರಿ?” ಎಂದು ಅಡಿವೆಪ್ಪ ಕೇಳಿದ.

ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತಿದ್ದರು. ಬೇರೆ ಶಿಷ್ಯರು ಪ್ರಸಾದಕ್ಕೆ ಎದ್ದು ಹೋಗಿದ್ದರು. ಅಡಿವೆಪ್ಪ ಮಾತ್ರ ಎದ್ದಿರಲಿಲ್ಲ.

“ಯಾರ ಸಲುವಾಗಿ ಕೇಳಾಕತ್ತಿ?”

“ನನ್ನ ತಂಗಿ ನೀಲವ್ವನ ಸಲುವಾಗಿರಿ. ಕಾರ್ತಿಕದಾಗ ಆಕಿ ಗಂಡ ತೀರಿಕೊಂಡ. ಮಣ್ಣು ಮಾಡೋ ದಿನಾನೂ ಆಕಿ ಅಳಲಿಲ್ಲ. ಎರಡು ವಾರಕ್ಕ ಹಿಟ್ಟಿನ ಗಿರಣಿ ತಗದಳು. ಆರು ತಿಂಗಳಾತು, ಒಬ್ಬಾಕಿನ ನಡಸ್ತಾಳ. ಹೆಣ್ಣಂದ್ರ ಹಿಂಗ ಗಟ್ಟಿ ಇರಬೇಕು ಅಂತ ಎಲ್ಲಾರೂ ಅಂತಾರ. ವಾರಕ್ಕೊಮ್ಮೆ ನಾನು ಫೋನ್ ಮಾಡ್ತೀನ್ರಿ. ‘ನಂದೇನೈತೋ ಅಣ್ಣಾ, ನಿನ್ನ ಬಿ.ಪಿ. ನೋಡ್ಕೊ’ ಅಂತ ನನಗ ಬೈತಾಳ. ದನಿ ಒಂದೀಟೂ ನಡಗೂದಿಲ್ಲ. ನನಗ ಸಮಾಧಾನ ಆತು. ನನ್ನ ಹೆಂಡತಿ ಮಾತ್ರ, ಅಷ್ಟಕ್ಕ ಸಮಾಧಾನ ಮಾಡ್ಕೊಬ್ಯಾಡ್ರಿ ಅಂತಾಳ. ಯಾರ ಮಾತು ಖರೇರಿ?”

“ಆಕಿ ಮನಿ ಎಲ್ಲೈತಿ?”

“ಹಳೇ ಪ್ಯಾಟಿಯಾಗ್ರಿ. ನಮ್ಮ ಮನಿಯಿಂದ ಸೈಕಲ್ ಮ್ಯಾಲೆ ಕಾಲು ತಾಸಿನ ಹಾದಿ.”

ಗುರುಗಳು ಅವನನ್ನು ಹತ್ತಿರ ಕೂರಲು ಕರೆದರು. ಆಮೇಲೆ ಅವರು ಹೇಳಿದ ಕತೆ ಇದು.

ಒಂದು ಸೀಮೆಯಲ್ಲಿ ನೆಲ ಪರೀಕ್ಷಿಸಿ ಬದುಕುವ ಒಬ್ಬನಿದ್ದ. ಜನ ಅವನನ್ನು ಕೋಲಿನವನು ಎಂದು ಕರೆಯುತ್ತಿದ್ದರು. ಸೇತುವೆ ಕಟ್ಟುವವರು, ಛತ್ರ ಕಟ್ಟುವವರು ಪಾಯ ತೆಗೆಯುವ ಮೊದಲು ಅವನನ್ನು ಕರೆಸುತ್ತಿದ್ದರು. ಅವನ ಬಳಿ ಇದ್ದದ್ದು ಒಂದು ಕಬ್ಬಿಣದ ಕೋಲು, ಮೂರು ಕಾಲಿನ ಒಂದು ನಿಲುವು, ಹಗ್ಗಕ್ಕೆ ಕಟ್ಟಿದ ಒಂದು ಭಾರದ ಗುಂಡು. ಗುಂಡನ್ನು ಗೊತ್ತಾದ ಎತ್ತರಕ್ಕೆ ಎಳೆದು ಕೋಲಿನ ತಲೆಯ ಮೇಲೆ ಬಿಡುವುದು, ಕೋಲು ಒಂದು ಅಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸಿ ವಹಿಯಲ್ಲಿ ಬರೆಯುವುದು, ಇದು ಅವನ ಕೆಲಸ. ಹಸಿ ಎರೆಮಣ್ಣಿಗೆ ನಾಲ್ಕು ಪೆಟ್ಟು ಸಾಕು. ಗಟ್ಟಿ ಗರಸಿನ ಕಲ್ಲುಮಣ್ಣಿಗೆ ನಲವತ್ತು ಬೇಕು. ಪೆಟ್ಟು ಹೆಚ್ಚಾದಷ್ಟೂ ನೆಲ ಗಟ್ಟಿ. ಇಪ್ಪತ್ತೆಂಟು ವರ್ಷ ಅವನು ಇದನ್ನೇ ಮಾಡಿದ್ದ. ಒಂದೇ ಒಂದು ಪೆಟ್ಟನ್ನು ಸುಳ್ಳು ಬರೆದಿರಲಿಲ್ಲ.

ಅವನಿಗೆ ಒಂದು ರೂಢಿ ಇತ್ತು. ನಿಲುವನ್ನು ಊರುವ ಮೊದಲು ಹತ್ತಿರದ ಮನೆಯ ಬಾಗಿಲಿಗೆ ಹೋಗಿ ಒಂದು ತಂಬಿಗೆ ನೀರು ಕೇಳುತ್ತಿದ್ದ. ಅರ್ಧ ಕುಡಿದು, ಉಳಿದದ್ದನ್ನು ಕೋಲಿನ ಬುಡಕ್ಕೆ ಸುರಿಯುತ್ತಿದ್ದ. ಇನ್ನೊಬ್ಬರ ನೆಲಕ್ಕೆ ತೂತು ಹಾಕುವವನು ಕೇಳದೆ ಹಾಕಬಾರದು ಎಂದು ಅವನ ತಂದೆ ಕಲಿಸಿದ್ದ. ನೀರು ಕೊಟ್ಟವರು ಸುಮ್ಮನೆ ಕೊಡುತ್ತಿರಲಿಲ್ಲ. ಅಂಗಳಕ್ಕೆ ಬಂದು ನಿಂತು, ಏನು ಎತ್ತ ವಿಚಾರಿಸುತ್ತಿದ್ದರು. ಇಲ್ಲಿ ಮೊದಲು ಬಾವಿ ಇತ್ತು, ಮುಚ್ಚಿದೆವು ಅನ್ನುತ್ತಿದ್ದರು. ಅಲ್ಲಿ ಬಡಿಯಬೇಡ, ನಮ್ಮ ಅತ್ತೆಯವರ ಹಗೇವು ಇದೆ ಅನ್ನುತ್ತಿದ್ದರು. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಾಯಿಗೆ ಬಂಡೆ ಮುಚ್ಚಿ ಮೇಲೆ ಮಣ್ಣು ಹಾಕಿದರೆ ಅಲ್ಲೊಂದು ಹಗೇವು ಇದೆಯೆಂದು ಮನೆಯವರಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಕೋಲಿನವನು ಆಯಿತು ತಾಯೀ ಎಂದು ಹತ್ತು ಹೆಜ್ಜೆ ಸರಿದು ನಿಲುವು ಊರುತ್ತಿದ್ದ. ಆ ಜಾಗವನ್ನು ಬಿಟ್ಟು ಕಟ್ಟಿ ಎಂದು ಕಟ್ಟುವವರಿಗೂ ಬಾಯಿಮಾತಿನಲ್ಲಿ ಹೇಳುತ್ತಿದ್ದ. ವಹಿಯಲ್ಲಿ ಮಾತ್ರ ಪೆಟ್ಟು ಬರೆಯುತ್ತಿದ್ದ. ಯಾಕೆ ಸರಿದೆ ಎಂದು ಬರೆಯುತ್ತಿರಲಿಲ್ಲ. ನೀರು ಕೇಳುವುದು ಮರ್ಯಾದೆ, ಪೆಟ್ಟು ಎಣಿಸುವುದು ಪರೀಕ್ಷೆ ಎಂದು ಅವನು ತಿಳಿದಿದ್ದ.

ಅವನಿಗೆ ಒಬ್ಬಳೇ ಮಗಳು. ಓದಿ ಶಾಲೆಯ ಮಾಸ್ತರಿಣಿಯಾದಳು. ಅವಳನ್ನು ಕೊಟ್ಟದ್ದು ತನ್ನದೇ ವೃತ್ತಿಯ ಹುಡುಗನಿಗೆ. ಆದರೆ ಅಳಿಯನ ದಾರಿ ಬೇರೆ. ಅವನು ನೆಲವನ್ನು ಬಡಿಯುತ್ತಿರಲಿಲ್ಲ. ಸಾಲಾಗಿ ನಾಲ್ಕು ಮೊಳೆಗಳನ್ನು ನೆಲಕ್ಕೆ ಗೇಣುದ್ದ ಚುಚ್ಚಿ, ತಂತಿ ಕಟ್ಟಿ, ಪೆಟ್ಟಿಗೆಯಿಂದ ವಿದ್ಯುತ್ತು ಹರಿಸುತ್ತಿದ್ದ. ಹೊರಗಿನ ಎರಡು ಮೊಳೆಗಳಲ್ಲಿ ವಿದ್ಯುತ್ತು ಹೋಗಿ ಬರುವುದು. ಒಳಗಿನ ಎರಡು ಮೊಳೆಗಳಿಂದ ನೆಲ ಅದನ್ನು ಎಷ್ಟು ತಡೆಯಿತೆಂದು ಅಳೆಯುವುದು. ಹಸಿ ಎರೆಮಣ್ಣು ಸುಲಭವಾಗಿ ದಾರಿ ಬಿಡುತ್ತದೆ. ಒಣಗಿದ ಗರಸು ತಡೆಯುತ್ತದೆ. ಒಂದು ಜಾಗದ ಕೆಲಸ ಊಟ ಮಾಡುವಷ್ಟು ಹೊತ್ತಿನಲ್ಲಿ ಮುಗಿಯುತ್ತಿತ್ತು. ತೂತಿಲ್ಲ, ಸದ್ದಿಲ್ಲ, ಯಾರನ್ನೂ ಏನೂ ಕೇಳಬೇಕಾಗಿಲ್ಲ.

“ಯಪ್ಪ ನೆಲಾನ ಬಡದು ಬಾಯಿ ಬಿಡಸ್ತಾನ, ಇವರು ಕಚಗುಳಿ ಇಟ್ಟು ಬಿಡಸ್ತಾರ” ಎಂದು ಮಗಳು ಇಬ್ಬರನ್ನೂ ನಗೆಯಾಡುತ್ತಿದ್ದಳು.

ಕೋಲಿನವನ ಬಲಭುಜ ಸವೆದಿತ್ತು. ಹಗ್ಗ ಎಳೆದು ಬಂದ ದಿನ ತೋಳು ಎತ್ತಲು ಆಗುತ್ತಿರಲಿಲ್ಲ. ಮಗಳು ತವರಿಗೆ ಬಂದಾಗಲೆಲ್ಲ ಎಣ್ಣೆ ಕಾಯಿಸಿ ಹಚ್ಚುತ್ತಿದ್ದಳು. ಹಾಗೆ ಹಚ್ಚುತ್ತಿದ್ದಾಗ ಒಂದು ದಿನ ಅವಳಿಗೆ ಆ ಯೋಚನೆ ಬಂತು.

“ಯಪ್ಪಾ, ನೀವಿಬ್ಬರೂ ಕೇಳೂದು ಒಂದ ನೆಲದ ಮಾತು. ಬರಿಯೂದು ಬ್ಯಾರೆ ಬ್ಯಾರೆ ವಹಿಯಾಗ. ಎರಡನ್ನೂ ಒಂದ ಹಾಳಿ ಮ್ಯಾಲೆ ಇಟ್ಟು ನೋಡಬಾರದೇನು? ಅವರ ತಡಿಗೂ ನಿನ್ನ ಪೆಟ್ಟಿಗೂ ತಾಳಮೇಳ ಕೂಡಿತಂದ್ರ ನಿನ್ನ ಭುಜಕ್ಕ ಸುಖ ಆಗತೈತಿ.”

ಅಳಿಯನಿಗೆ ಮಾತು ಹಿಡಿಸಿತು. ಅವನು ಅಡ್ಡಾದಿಡ್ಡಿ ಕೆಲಸದವನಲ್ಲ. ಮಾವನ ವಹಿಗಳನ್ನು ತರಿಸಿಕೊಂಡು, ಸುತ್ತಲ ಊರುಗಳಲ್ಲಿ ಕೋಲು ಇಳಿದಿದ್ದ ಮೂವತ್ತೊಂದು ಜಾಗಗಳನ್ನು ಹುಡುಕಿದ. ನೆಲದ ತೇವ ಅಷ್ಟೇ ಇರಲೆಂದು, ಮಾವ ಬಡಿದಿದ್ದ ತಿಂಗಳು ಮತ್ತೆ ಬಂದಾಗ ತಾನೂ ಹೋಗಿ ಮೊಳೆ ಚುಚ್ಚಿದ. ಮಳೆ ಬಿದ್ದ ವಾರ ಹೋಗಲಿಲ್ಲ. ಉಪ್ಪು ಏಳುವ ಚೌಳು ನೆಲವನ್ನು ಬೇರೆಯಾಗಿಯೇ ಬರೆದ. ಅದಕ್ಕೆಲ್ಲ ಎರಡು ವರ್ಷ ಹಿಡಿಯಿತು.

ಮಗಳು ಚೌಕುಳಿ ಹಾಳೆ ತಂದಳು. ಅಡ್ಡಕ್ಕೆ ಗಂಡನ ತಡೆ, ಉದ್ದಕ್ಕೆ ಅಪ್ಪನ ಪೆಟ್ಟು. ಒಂದೊಂದು ಜಾಗಕ್ಕೆ ಒಂದೊಂದು ಚುಕ್ಕೆ. ಚುಕ್ಕೆಗಳು ಹೊಲದ ಸಾಲಿನ ಹಾಗೆ ಓರೆಯಾಗಿ ಮೇಲಕ್ಕೆ ಏರಿದವು. ತಡೆ ಹೆಚ್ಚಾದ ಕಡೆ ಪೆಟ್ಟೂ ಹೆಚ್ಚು. ಎರಡು ಚುಕ್ಕೆ ಮಾತ್ರ ಸ್ವಲ್ಪ ಹೊರಗೆ ಬಿದ್ದವು. ಅವನ್ನೂ ಅಳಿಸಲಿಲ್ಲ. ಶಾಲೆಯಿಂದ ತಂದ ಮರದ ಪಟ್ಟಿ ಇಟ್ಟು ಅವಳೇ ನಡುವೆ ಗೆರೆ ಎಳೆದಳು.

ಕೋಲಿನವನು ಆ ಹಾಳೆಯನ್ನು ಬಹಳ ಹೊತ್ತು ನೋಡಿದ. ಇಪ್ಪತ್ತೆಂಟು ವರ್ಷದ ಬೆವರು ಒಂದು ಗೆರೆಯಾಗಿ ನಿಂತಿತ್ತು. ಅವನಿಗೆ ಹೆಮ್ಮೆಯೂ ಆಯಿತು, ತನ್ನ ಕೋಲಿಗೆ ಇನ್ನು ಕೆಲಸವಿಲ್ಲವಲ್ಲ ಎಂದೂ ಅನಿಸಿತು. ಇನ್ನು ಮೇಲೆ ಅಳಿಯ ತಡೆಯನ್ನು ಅಳೆದರೆ ಸಾಕು. ಗೆರೆ ನೋಡಿ ಪೆಟ್ಟು ಹೇಳಬಹುದು.

ಗೆರೆ ಸುಳ್ಳಾಗಲಿಲ್ಲ. ಒಂದು ಸೇತುವೆಗೆ ಹೇಳಿತು, ಸರಿಯಾಯಿತು. ಒಂದು ಉಗ್ರಾಣಕ್ಕೆ ಹೇಳಿತು, ಸರಿಯಾಯಿತು. ಅನುಮಾನ ಬಂದ ಮೂರು ಕಡೆ ಕೋಲಿನವನು ಹೋಗಿ ಬಡಿದು ನೋಡಿದ. ಗೆರೆ ಹೇಳಿದ್ದಕ್ಕೂ ಕೋಲು ಹೇಳಿದ್ದಕ್ಕೂ ಎರಡು ಮೂರು ಪೆಟ್ಟಿನ ಅಂತರ. ಆಮೇಲೆ ಅವನು ಹೋಗುವುದನ್ನು ಬಿಟ್ಟ.

ಹೀಗಿರುವಾಗ ಹೊಳೆ ದಂಡೆಯ ಒಂದು ಊರು ಮಹಾಪೂರದಲ್ಲಿ ಮುಳುಗಿತು. ಜನ ದನ ಉಳಿದರು. ಗೋಡೆಗಳು ಉಳಿಯಲಿಲ್ಲ. ಎತ್ತರದ ಒಂದು ದಿಬ್ಬದ ಮೇಲೆ ಹೊಸ ಊರು ಕಟ್ಟಬೇಕೆಂದು ತೀರ್ಮಾನವಾಯಿತು. ದಿಬ್ಬದ ಅಂಚಿನಲ್ಲಿ ಮೊದಲಿನಿಂದ ಇದ್ದದ್ದು ಆರೇಳು ಹಳೆಯ ಮನೆಗಳು. ಹೊಳೆ ದಂಡೆಯವರಿಗೂ ಅವರಿಗೂ ಹೆಚ್ಚು ಬಳಕೆ ಇರಲಿಲ್ಲ. ಮೊದಲು ಶಾಲೆ ಆಗಲಿ, ಮಳೆಗಾಲಕ್ಕೆ ಮುಂಚೆ ಆಗಲಿ ಎಂದು ಪಂಚರು ಹೇಳಿದರು. ಮತ್ತೆ ಪೂರ ಬಂದರೆ ಮಕ್ಕಳು ಮುದುಕರು ಬಂದು ನಿಲ್ಲಲು ಒಂದು ಗಟ್ಟಿ ಸೂರು ಬೇಕಾಗಿತ್ತು. ಆ ಶಾಲೆಗೆ ತನ್ನನ್ನು ಹಾಕಿರೆಂದು ಕೋಲಿನವನ ಮಗಳು ಅರ್ಜಿ ಬರೆದು ಕೇಳಿಕೊಂಡಳು. ಗಂಡ ಪರೀಕ್ಷಿಸಿದ ನೆಲದ ಮೇಲೆ ನಿಂತು ಪಾಠ ಹೇಳುವುದು ಅವಳಿಗೆ ಆಸೆ.

ಕೋಲಿನಿಂದ ಆದರೆ ದಿಬ್ಬವನ್ನು ಪರೀಕ್ಷಿಸಲು ನಲವತ್ತು ದಿನ. ಅಳಿಯ ಮೂರು ದಿನದಲ್ಲಿ ಮುಗಿಸಿದ.

ದಿಬ್ಬದ ತಡೆ ಎಲ್ಲ ಕಡೆ ಚೆನ್ನಾಗಿತ್ತು. ಈಶಾನ್ಯದ ಮೂಲೆಯಲ್ಲಿ, ಹಳೆಯ ಮನೆಗಳ ಹತ್ತಿರ, ಅದು ಒಮ್ಮೆಲೆ ಏರಿತು. ಅಳಿಯ ಮೊಳೆ ಕಿತ್ತು ಮತ್ತೆ ಚುಚ್ಚಿ ನೋಡಿದ. ತಂತಿ ಬದಲಾಯಿಸಿ ನೋಡಿದ. ಅಷ್ಟೇ ಬಂತು. ಅವನು ಅದುವರೆಗೆ ಎಲ್ಲಿಯೂ ಅಷ್ಟು ತಡೆಯನ್ನು ಕಂಡಿರಲಿಲ್ಲ.

ಆ ಸಂಖ್ಯೆ ಚೌಕುಳಿ ಹಾಳೆಯೊಳಗೆ ಹಿಡಿಸಲಿಲ್ಲ. ಮಗಳು ಇನ್ನೊಂದು ಹಾಳೆಯನ್ನು ಅಂಟಿಸಿ, ಪಟ್ಟಿ ಇಟ್ಟು, ಗೆರೆಯನ್ನು ಮುಂದಕ್ಕೆ ಎಳೆದಳು. ಗೆರೆ ತೊಂಬತ್ತು ಪೆಟ್ಟು ಹೇಳಿತು. ತೊಂಬತ್ತು ಎಂದರೆ ಕೆಳಗೆ ಹಾಸುಬಂಡೆಯೇ ಇರಬೇಕು.

“ಯಪ್ಪಾ, ನಿನ್ನ ಕೋಲ ಡೊಂಕಾಗತಿತ್ತು ನೋಡು” ಎಂದು ಅವಳು ನಕ್ಕಳು.

ಕೋಲಿನವನೂ ನಕ್ಕ. ಆದರೆ ಅವನ ಕಣ್ಣು ಹಾಳೆಯ ಮೇಲೆಯೇ ನಿಂತಿತು. ಹಳೆಯ ಹಾಳೆಯಲ್ಲಿ ಗೆರೆಯ ಅಕ್ಕಪಕ್ಕ ಚುಕ್ಕೆಗಳಿದ್ದವು. ಒಂದೊಂದು ಚುಕ್ಕೆಯೂ ಅವನು ನಿಂತು ಬೆವರಿದ ಒಂದೊಂದು ಅಂಗಳ. ಅಂಟಿಸಿದ ಹಾಳೆಯಲ್ಲಿ ಗೆರೆ ಇತ್ತು, ಚುಕ್ಕೆ ಇರಲಿಲ್ಲ.

ಮರುದಿನ ಅವನು ಚಕ್ಕಡಿಯಲ್ಲಿ ಕೋಲು, ಗುಂಡು, ನಿಲುವು ಹೇರಿಕೊಂಡು ದಿಬ್ಬಕ್ಕೆ ಹೋದ. ಈಶಾನ್ಯದ ಮೂಲೆಯಲ್ಲಿ ಮೂರು ಕಾಲು ಊರಿದ. ಮೊದಲು ನೀರು ಕೇಳಬೇಕಿತ್ತು. ಭುಜ ನೋಯುತ್ತಿದ್ದರಿಂದ ಭಾರದ ಕೆಲಸ ಮುಗಿಸಿ ಕೇಳಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಪಂಚರು ಬಂದರು. ಅವರ ಹಿಂದೆ ಅಳಿಯನೂ ಬಂದ.

ಪಂಚರಲ್ಲಿ ಹಿರಿಯರಾದ ಗೌಡರು ನಿಲುವನ್ನು ನೋಡಿ, “ಏನ್ರೀ, ಅಳಿಯಾರು ಆಗಲೇ ಗಟ್ಟಿ ಐತಿ ಅಂದಾರ. ಮಾವಾರು ಮತ್ಯಾಕ ಬಡಿಯಾಕ ನಿಂತೀರಿ? ನೀವು ಮಾವ ಅಳಿಯ ಒಂದ ಮಾತು ಹೇಳೋರೊ, ಎರಡು ಹೇಳೋರೊ?” ಎಂದರು. ಜೊತೆಯವರು ನಕ್ಕರು.

ಅಳಿಯನ ಮುಖ ಕೆಂಪಾಯಿತು. ಅವನು ಮಾವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

“ಮಾವಾರ, ನಿಮಗ ಅನುಮಾನ ಇದ್ರ ಬಡೀರಿ, ನಾ ಬ್ಯಾಡನ್ನೂದಿಲ್ಲ. ಆದ್ರ ಮಂದಿ ಮುಂದ ಬಡದ್ರ, ನಾಳೆ ನನ್ನ ತಂತಿ ಮಾತು ಯಾರು ಕೇಳ್ತಾರ?”

ಅವನ ಮಾತಿನಲ್ಲಿ ಸೊಕ್ಕು ಇರಲಿಲ್ಲ. ಇದ್ದಿದ್ದರೆ ಕೋಲಿನವನು ಬಡಿಯುತ್ತಿದ್ದ. ಮಗಳನ್ನು ಕೊಟ್ಟ ಮನೆಯ ಮಾನವನ್ನು ಹತ್ತು ಜನರ ಎದುರು ಕಳೆಯಬಾರದು ಎಂದು ಅವನಿಗೆ ಅನಿಸಿತು. ಭುಜವೂ ಒಳಗಿನಿಂದ ಅದಕ್ಕೆ ಹೌದು ಅಂದಿತು.

“ಒಂದ ಮಾತ್ರೀ ಗೌಡ್ರ, ಎರಡು ಎಲ್ಲಿಂದ ಬಂದಾವು” ಎಂದು ಅವನು ನಿಲುವನ್ನು ಕಿತ್ತ.

ನಿಲುವಿನ ಕಾಲುಗಳನ್ನು ಚಕ್ಕಡಿಗೆ ಕಟ್ಟುವಾಗ ಹಳೆಯ ಮನೆಗಳ ಕಡೆಯಿಂದ ಒಬ್ಬ ಮುದುಕಿ ಏನನ್ನೋ ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದದ್ದು ಅವನಿಗೆ ಕಂಡಿತು. ಯಾರೋ ಹೊಲಕ್ಕೆ ಹೊರಟಿದ್ದಾರೆ ಎಂದುಕೊಂಡ. ಚಕ್ಕಡಿ ಹೊಡೆದ.

ಶಾಲೆಗೆ ಐದು ಕೋಣೆ. ಎಲ್ಲಕ್ಕಿಂತ ಗಟ್ಟಿ ಎಂದು ಹಾಳೆ ಹೇಳಿದ ಮೂಲೆಗೆ ಎಲ್ಲಕ್ಕಿಂತ ಭಾರದ್ದನ್ನು ಇಟ್ಟರು. ಅಲ್ಲಿನ ಕೋಣೆಯ ಮೇಲೆ ಇಡೀ ಊರಿಗೆ ಸಾಕಾಗುವ ನೀರಿನ ತೊಟ್ಟಿ ಕಟ್ಟಿದರು. ಕೆಳಗಿನ ಕೋಣೆಯಲ್ಲಿ ಮಗಳ ಮೇಜು, ಹಾಜರಿ ಪುಸ್ತಕ, ಮಕ್ಕಳು ಬರೆದ ಚಿತ್ರಗಳು.

ಒಂದು ಮಳೆಗಾಲ ಕಳೆಯಿತು. ಏನೂ ಆಗಲಿಲ್ಲ. ತೊಟ್ಟಿ ಸ್ವಲ್ಪ ಜಿನುಗುತ್ತಿತ್ತು. ನೀರು ಗೋಡೆಯ ಬುಡಕ್ಕೆ ಇಳಿದು ಕೆಸರಾಗದೆ ಎಲ್ಲಿಗೋ ಹೋಗುತ್ತಿತ್ತು. ಒಳ್ಳೆ ನೆಲ, ನೀರು ನಿಲ್ಲುವುದಿಲ್ಲ ಎಂದು ಜನ ಹೊಗಳಿದರು.

ಎರಡನೆಯ ಮಳೆಗಾಲದಲ್ಲಿ, ಒಂದು ಶುಕ್ರವಾರ, ನಾಲ್ಕು ಗಂಟೆಗೆ ಶಾಲೆ ಬಿಟ್ಟಿತು. ಮಗಳು ಮಕ್ಕಳನ್ನು ಗೇಟಿನ ತನಕ ಕಳಿಸಿದಳು. ಹಾಜರಿ ಪುಸ್ತಕ ಮರೆತದ್ದು ನೆನಪಾಗಿ ಒಳಗೆ ಹೋದಳು. ಗೇಟಿನಲ್ಲಿದ್ದವರಿಗೆ ಕೇಳಿದ್ದು ಒಂದೇ ಸದ್ದು. ಕೋಣೆಯ ನೆಲ ಬಾಯಿ ತೆರೆದಿತ್ತು. ಮೇಲಿನ ತೊಟ್ಟಿ ಅದರೊಳಕ್ಕೆ ಕುಸಿದಿತ್ತು.

ಅವಳ ದೇಹವನ್ನು ಹೊರಗೆ ತೆಗೆಯಲು ಮರುದಿನ ಮಧ್ಯಾಹ್ನವಾಯಿತು. ಕೋಲಿನವನು ಅಲ್ಲಿಯೇ ನಿಂತಿದ್ದ. ಮಣ್ಣು ಕಲ್ಲು ತೆಗೆದಂತೆ ಕೆಳಗಿದ್ದದ್ದು ಕಂಡಿತು. ಅದು ಹಾಸುಬಂಡೆಯಲ್ಲ. ಎರಡಾಳು ಆಳದ ಹಗೇವು. ಹೊಟ್ಟೆಯ ಗೋಡೆ ನುಣುಪಾಗಿ ಮೆತ್ತಿದ್ದು ಹಾಗೆಯೇ ಇತ್ತು. ಗೋಡೆಗೆ ಹಚ್ಚಿದ್ದ ಹುಲ್ಲಿನ ಎಳೆಗಳು ಒಣಗಿ ಅಂಟಿಕೊಂಡಿದ್ದವು. ತಳದಲ್ಲಿ ಒಂದು ಹಿಡಿ ಕಪ್ಪಾದ ಜೋಳ.

ಕೋಲಿನವನಿಗೆ ಆಗ ಎಲ್ಲವೂ ತಿಳಿಯಿತು. ತಿಳಿದು ಆಗಬೇಕಾದ್ದು ಏನೂ ಇರಲಿಲ್ಲ. ಬಂಡೆ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಏನೂ ಇಲ್ಲದ ಜಾಗವೂ ಕೊಡುವುದಿಲ್ಲ. ತಂತಿಯ ಪೆಟ್ಟಿಗೆಗೆ ಎರಡೂ ಒಂದೇ.

ಐದನೆಯ ದಿನ ಅವನು ಅಳಿಯನ ಮನೆಗೆ ಹೋದ. ಅಳಿಯ ಚೌಕುಳಿ ಹಾಳೆ ಹರಡಿಕೊಂಡು ಕುಳಿತಿದ್ದ. ಗಡ್ಡ ಬೆಳೆದಿತ್ತು. ಪಕ್ಕದಲ್ಲಿ ಲೆಕ್ಕ ಮಾಡಿ ತುಂಬಿಸಿದ ಕಾಗದಗಳು ಬಿದ್ದಿದ್ದವು.

“ಮಾವಾರ, ಏಳು ಸಲ ಮಾಡಿದೆ. ಲೆಕ್ಕದಾಗ ತಪ್ಪು ಸಿಗವಲ್ದು” ಎಂದ.

ಕೋಲಿನವನು ತನ್ನ ವಹಿಗಳ ಗಂಟನ್ನು ಅವನ ಮುಂದೆ ಇಟ್ಟ. “ತಪ್ಪು ಇದರಾಗೈತಿ” ಎಂದ. “ಇಪ್ಪತ್ತೆಂಟು ವರ್ಷದಾಗ ನಾ ಎಷ್ಟೋ ಹಗೇವು ಕಂಡೀನಿ, ಮುಚ್ಚಿದ ಬಾವಿ ಕಂಡೀನಿ. ಒಂದರ ಮ್ಯಾಲೂ ಬಡದಿಲ್ಲ. ನೀರು ಕೊಟ್ಟಾಕಿ ಹೇಳತಿದ್ಲು, ನಾ ಸರಿತಿದ್ದೆ. ನಿಮ್ಮ ಮೂವತ್ತೊಂದು ಚುಕ್ಕಿಯೊಳಗ ಪೊಳ್ಳು ನೆಲದ್ದು ಒಂದೂ ಇಲ್ಲ. ಪೊಳ್ಳು ಅನ್ನೂದು ಒಂದೈತಿ ಅಂತ ನಿಮ್ಮ ಗೆರಿಗೆ ಹೆಂಗ ಗೊತ್ತಾಗಬೇಕು?”

ಅಳಿಯ ಒಂದು ವಹಿಯನ್ನು ತೆರೆದ. ಪುಟ ತಿರುಗಿಸಿದ. ಪೆಟ್ಟು, ಪೆಟ್ಟು, ಪೆಟ್ಟು. ಅಕ್ಷರ ದುಂಡಾಗಿತ್ತು. ಒಂದು ಕಡೆಯೂ ಹೊಡೆದು ಬರೆದಿರಲಿಲ್ಲ.

“ಸರಿದ ಜಾಗಾನೂ ವಹಿಯಾಗ ಬರದಿದ್ರ ನಾ ಅಲ್ಲೂ ಮೊಳಿ ಹಾಕಿ ನೋಡತಿದ್ದೆ” ಎಂದ ಅಳಿಯ. ಅವನು ಬೈಯಲಿಲ್ಲ. ಬೈಯುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಕೋಲಿನವನು ವಹಿಗಳ ಗಂಟನ್ನು ಮತ್ತೆ ಕಟ್ಟಿ ಎತ್ತಿಕೊಂಡ. ಮನೆಗೆ ಬಂದು ಹಳೆಯ ವಹಿಗಳ ಅಂಚಿನಲ್ಲಿ, ಯಾರು ಎಲ್ಲಿ ಏನು ಹೇಳಿದ್ದರು ಎಂದು ನೆನಪು ಮಾಡಿಕೊಂಡು ಬರೆಯತೊಡಗಿದ. ನೆನಪಾದದ್ದು ಹದಿಮೂರು. ಉಳಿದ ಅಂಗಳಗಳೆಲ್ಲ ಅವನ ತಲೆಯಲ್ಲಿ ಒಂದೇ ಅಂಗಳವಾಗಿದ್ದವು. ನೀರು ಕೊಟ್ಟ ಕೈಗಳು ನೆನಪಿದ್ದವು, ಮಾತು ನೆನಪಿರಲಿಲ್ಲ.

ತಿಂಗಳು ಕಳೆದ ಮೇಲೆ ಒಮ್ಮೆ ಅವನು ದಿಬ್ಬಕ್ಕೆ ಹೋದ. ಯಾರೂ ಕರೆದಿರಲಿಲ್ಲ. ಬರಿಗೈಯಲ್ಲಿ ಹೋದ. ಹಗೇವಿಗೆ ಮಣ್ಣು ತುಂಬಿ ಸುತ್ತಲೂ ಮುಳ್ಳುಬೇಲಿ ಹಾಕಿದ್ದರು. ಹಳೆಯ ಮನೆಗಳಲ್ಲಿ ಅಂಚಿನ ಮನೆಯ ಬಾಗಿಲಲ್ಲಿ ಆ ಮುದುಕಿ ಕುಳಿತಿದ್ದಳು. ಅವನು ಹೋಗಿ ಕುಡಿಯಲು ನೀರು ಕೇಳಿದ.

ಅವಳು ಅವನ ಮುಖವನ್ನು ನಿಟ್ಟಿಸಿದಳು. “ಕೋಲು ತಂದಿದ್ದಾತ ನೀನಽ ಅಲ್ಲೇನೋ ತಮ್ಮಾ?”

“ಹೌದವ್ವಾ.”

“ಅವತ್ತ ಮೂರು ಕಾಲು ನಿಲ್ಲಿಸಿದ್ದು ಇಲ್ಲಿಂದನ ಕಂಡೆ. ಕೋಲಿನವರು ನೀರು ಕೇಳಾಕ ಬರ್ತಾರ, ನಮ್ಮ ಅತ್ತಿ ಕಾಲದಿಂದಾನೂ ಹಂಗ ಐತಿ. ನನ್ನ ಮೊಣಕಾಲು ಏಳಗೊಡೂದಿಲ್ಲ, ಆದ್ರೂ ತಂಬಿಗಿ ತುಂಬಿಕೊಂಡು ಬಂದೆ. ನಾ ಬರೂದ್ರಾಗ ನೀ ಹೋಗಿದ್ದಿ. ನಿನಗ ಬ್ಯಾಡಾಗಿತ್ತು ಅಂತ ಬೇವಿನ ಬುಡಕ್ಕ ಸುರುವಿದೆ.”

ಅವನು ಮುಳ್ಳುಬೇಲಿಯ ಕಡೆ ನೋಡಿದ. ಅವಳು ಮುಂದುವರಿಸಿದಳು.

“ನಮ್ಮ ಹಗೇವನ ಅದು. ಮದಿವ್ಯಾಗಿ ಬಂದ ವರ್ಷ ನನ್ನನ್ನ ಅದರಾಗ ಇಳಿಸಿದ್ರು. ಸಣ್ಣ ಮೈ ಅಲ್ಲೇನು, ಬಾಯಾಗ ಹಿಡೀತಿದ್ದೆ. ಮೊದಲ ದೀಪ ಇಳಿಬಿಡೋರು. ಆರಲಿಲ್ಲಂದ್ರ ನಾವು ಇಳಿಯೂದು. ಖಾಲಿ ಹಗೇವಿನ ಗಾಳಿ ಜೀವ ತಗೀತೈತಿ ಅಂತ ಅತ್ತಿ ದಿನಾ ಹೇಳೋರು. ಆಮ್ಯಾಲ ಜ್ವಾಳ ಚೀಲದಾಗ ಇಡೂದು ಬಂತು, ಹಗೇವು ಮುಚ್ಚಿದಿವಿ. ನಲವತ್ತು ವರ್ಷಾತು.”

“ಸಾಲಿ ಕಟ್ಟುವಾಗ ಹೇಳಬಾರದಿತ್ತೇನವ್ವಾ?”

“ಯಾರಿಗೆ ಹೇಳ್ಲೋ ತಮ್ಮಾ? ಗಾಡಿ ಬಂದುವು, ಮಂದಿ ಬಂದ್ರು. ಗಟ್ಟಿ ನೆಲ ಅಂತ ದೊಡ್ಡವರು ಬರಕೊಟ್ಟಾರ, ನಿನಗೇನು ತಿಳಿತೈತಿ ಮುದುಕಿ ಅಂತ ಒಬ್ಬಾತ ಅಂದ. ಅವರಿಗೆ ನನ್ನಕಿಂತ ಹೆಚ್ಚು ಗೊತ್ತಿರಬೇಕು ಅಂತ ಸುಮ್ಮನಾದೆ. ಆ ಸಾಲಿ ಅಕ್ಕಾರು ನಿನ್ನ ಮಗಳಂತ ಆಮ್ಯಾಲ ಗೊತ್ತಾತು. ದಿನಾ ಹಾದಿ ಮ್ಯಾಲ ನಕ್ಕು, ಆರಾಮಿದ್ದೀರೇನ್ರಿ ಆಯಿ ಅಂತ ಕೇಳಾಕಿ.”

ಅವಳು ಒಳಗೆ ಹೋಗಿ ತಂಬಿಗೆ ತಂದಳು. ಕೋಲಿನವನು ಅರ್ಧ ನೀರು ಕುಡಿದ. ಉಳಿದದ್ದನ್ನು ಕೈಯಲ್ಲಿ ಹಿಡಿದು ನಿಂತ. ಸುರಿಯಲು ಅವನ ಬಳಿ ಕೋಲು ಇರಲಿಲ್ಲ.

ಗುರುಗಳು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು. ಒಳಗೆ ಪ್ರಸಾದ ಬಡಿಸುವವರ ಪಾತ್ರೆಗಳ ಸದ್ದು ಕೇಳುತ್ತಿತ್ತು.

ಅಡಿವೆಪ್ಪ ತಾನು ಕುಳಿತ ಕಂಬಳಿಯ ಅಂಚನ್ನು ಬೆರಳಿನಿಂದ ತಿರುವಿದ. ಕೊನೆಗೆ ಕೇಳಿದ: “ಅಜ್ಜಾರ, ಆ ಮುದುಕಿ ಏನರ ಮಾಡಿ ತಾನಽ ಹೋಗಿ ಹೇಳಬೇಕಿತ್ತಲ್ರಿ? ಒಳಗಿಂದು ಹೇಳದಿದ್ರ ಹೊರಗಿನವರಿಗೆ ಹೆಂಗ ತಿಳೀಬೇಕು? ನೀಲವ್ವನೂ ಒಂದು ಮಾತು ಅಂದಿದ್ರ ನಾ ಓಡಿ ಹೋಗತಿದ್ದೆ.”

ಗುರುಗಳು ಅವನ ಮುಖ ನೋಡಿದರು.

“ನೀಲವ್ವನ ಬಾಗಿಲಿಗೆ ಹೋಗಿ ನೀ ಕಡೀ ಸಲ ನೀರು ಕೇಳಿ ಕುಡದದ್ದು ಯಾವಾಗೋ, ಅಡಿವೆಪ್ಪಾ?”

ಅಡಿವೆಪ್ಪ ಪ್ರಸಾದಕ್ಕೂ ನಿಲ್ಲದೆ ಎದ್ದ. ಹಳೇ ಪೇಟೆಯ ಹಾದಿ ಹಿಡಿದ.